ಜಂಬೋ ಫ್ರೇಮ್

ಬೆಂಗಳೂರಿನಲ್ಲಿ ಜಂಬೋ ಅಂದರೆ ಮೊದಲು ನೆನಪಾಗುವುದು ಅನಿಲ್ ಕುಂಬ್ಳೆ, ಅಲ್ವಾ? ಪೀಣ್ಯದ ಕಾರ್ಖಾನೆಗಳಲ್ಲಿ ಕ್ಯಾಮೆರಾ ಕೂರಿಸುವ ನನಗೆ ಮಾತ್ರ ಒಂದು ಇಡೀ ದಿನದ ತಲೆನೋವು ನೆನಪಾಗುತ್ತದೆ.

ಈಥರ್ನೆಟ್‌ನಲ್ಲಿ, ಅಂದರೆ ಕಂಪ್ಯೂಟರುಗಳನ್ನು ಕೇಬಲ್‌ನಿಂದ ಜೋಡಿಸುವ ಜಾಲದಲ್ಲಿ, ಡೇಟಾ ತುಂಡು ತುಂಡಾಗಿ ಹೋಗುತ್ತದೆ. ಒಂದೊಂದು ತುಂಡೂ ಒಂದು ಫ್ರೇಮ್. (ಕ್ಯಾಮೆರಾದವರು ಒಂದು ಚಿತ್ರಕ್ಕೂ ಫ್ರೇಮ್ ಅನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಅದಲ್ಲ.) ಮಾಮೂಲಿ ಫ್ರೇಮ್‌ನಲ್ಲಿ 1500 ಬೈಟ್ ಸರಕು ಹಿಡಿಯುತ್ತದೆ. ಅದಕ್ಕಿಂತ ದೊಡ್ಡದು ಜಂಬೋ, ಸಾಮಾನ್ಯವಾಗಿ 9000 ಬೈಟ್.

ಇದು ಯಾಕೆ ಬೇಕು? 2448 × 2048 ಪಿಕ್ಸೆಲ್‌ನ ಒಂದು ಕಪ್ಪು-ಬಿಳುಪು ಚಿತ್ರ ಸುಮಾರು 50 ಲಕ್ಷ ಬೈಟ್. ಗಿಗ್‌ಇ ವಿಷನ್ ಕ್ಯಾಮೆರಾ (ಈಥರ್ನೆಟ್ ಕೇಬಲ್ ಮೂಲಕ ಚಿತ್ರ ಕಳಿಸುವ ಕಾರ್ಖಾನೆ ಕ್ಯಾಮೆರಾ) ಅದನ್ನು ಮಾಮೂಲಿ ಫ್ರೇಮ್‌ನಲ್ಲಿ ಕಳಿಸಿದರೆ 3400ಕ್ಕೂ ಜಾಸ್ತಿ ತುಂಡಾಗುತ್ತದೆ. ಜಂಬೋದಲ್ಲಿ 560 ಸಾಕು. ಯಶವಂತಪುರ ಮಂಡಿಗೆ ಈರುಳ್ಳಿಯನ್ನು ಸ್ಕೂಟರ್‌ಗಳಲ್ಲಿ ತರುವ ಬದಲು ಲಾರಿಯಲ್ಲಿ ತಂದ ಹಾಗೆ. ಗೇಟಿನಲ್ಲಿ ಚೀಟಿ ಬರೆಯುವವನಿಗೆ, ಅಂದರೆ ಕಂಪ್ಯೂಟರಿನ ಪ್ರೊಸೆಸರ್‌ಗೆ, ಕೆಲಸ ಕಡಿಮೆ.

ಆದರೆ ಲಾರಿ ಬರಬೇಕಾದರೆ ದಾರಿಯುದ್ದಕ್ಕೂ ಎತ್ತರ ಸಾಕಷ್ಟಿರಬೇಕು. ಕ್ಯಾಮೆರಾ, ಸ್ವಿಚ್ (ಹಲವು ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ), ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಮೂರೂ ಜಂಬೋಗೆ ಒಪ್ಪಬೇಕು. ಒಂದು ಒಪ್ಪದಿದ್ದರೂ ಫ್ರೇಮ್ ಅಲ್ಲೇ ಬಿದ್ದುಹೋಗುತ್ತದೆ. ಸ್ವಿಚ್ ಯಾರಿಗೂ ದೂರು ಹೇಳುವುದಿಲ್ಲ, ಸುಮ್ನೆ ಎಸೆದುಬಿಡುತ್ತದೆ.

ನನ್ನನ್ನು ಸುಸ್ತು ಮಾಡಿದ್ದು ಇದೇ. ಬಾಟಲಿ ಮುಚ್ಚಳ ನೋಡಲು ಕೂರಿಸಿದ ಕ್ಯಾಮೆರಾದ ಹೆಸರು ಸಾಫ್ಟ್‌ವೇರ್‌ನಲ್ಲಿ ಕಾಣುತ್ತಿತ್ತು. ಎಕ್ಸ್‌ಪೋಷರ್ ಬದಲಾಯಿಸಿದರೆ ಒಪ್ಪುತ್ತಿತ್ತು. ಸ್ಟಾರ್ಟ್ ಒತ್ತಿದರೆ ಮಾತ್ರ ಪರದೆ ಕಪ್ಪು. ಕೇಬಲ್ ಬದಲಾಯಿಸಿದೆವು, ಫೈರ್‌ವಾಲ್ ತೆಗೆದೆವು, ಕೊನೆಗೆ ಕ್ಯಾಮೆರಾನೇ ಕೆಟ್ಟಿದೆ ಅಂತ ಬೈದೆವು. ಹುಡುಕುವ, ಹೆಸರು ಹೇಳುವ, ಆಜ್ಞೆ ಕೊಡುವ ಸಂದೇಶಗಳೆಲ್ಲ ಪುಟ್ಟವು. ಅವು ಸ್ಕೂಟರ್‌ನ ಹಾಗೆ ನುಸುಳಿ ಹೋಗುತ್ತವೆ. ಸಿಕ್ಕಿಬೀಳುವುದು ಚಿತ್ರ ಹೊತ್ತ ಲಾರಿ ಮಾತ್ರ. ಮೇಜಿನ ಕೆಳಗೆ, ಯಾರೋ ಆಫೀಸಿನಿಂದ ತಂದಿಟ್ಟ ಹಳೇ ಸ್ವಿಚ್ ಇತ್ತು. ಅದನ್ನು ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಚುಚ್ಚಿದ ಕೂಡಲೇ ಬಾಟಲಿ ಮುಚ್ಚಳಗಳು ಪರದೆ ಮೇಲೆ ಓಡತೊಡಗಿದವು.

ಹಾಗಾಗಿ ಈಗ ನಾನು ಕೇಬಲ್ ಮುಟ್ಟುವ ಮೊದಲು ಕ್ಯಾಮೆರಾದ ಪ್ಯಾಕೆಟ್ ಸೈಜನ್ನು, ಅಂದರೆ ಒಂದೊಂದು ತುಂಡಿನ ಅಳತೆಯನ್ನು, 1500ಕ್ಕೆ ಇಳಿಸುತ್ತೇನೆ. ಚಿತ್ರ ಬಂತೋ, ಅಡ್ಡಿ ಇರುವುದು ದಾರಿಯಲ್ಲಿ. ಆಮೇಲೆ ಕಾರ್ಡ್, ಸ್ವಿಚ್ ಒಂದೊಂದಾಗಿ ನೋಡುವುದು. ವಿಂಡೋಸ್‌ನಲ್ಲಿ ಕಾರ್ಡಿನ ಸೆಟ್ಟಿಂಗ್ ತೆರೆದರೆ ‘ಜಂಬೋ ಪ್ಯಾಕೆಟ್’ ಎದುರು ಎಷ್ಟೋ ಸಲ 9014 ಅಂತ ಇರುತ್ತದೆ. ಗಾಬರಿ ಬೇಡ, ಹೆಚ್ಚಿನ 14 ಬೈಟ್ ಈಥರ್ನೆಟ್ ಹೆಡರ್‌ನದು, ಅಂದರೆ ಫ್ರೇಮ್‌ನ ಮುಂದೆ ಅಂಟಿಸುವ ವಿಳಾಸದ ಚೀಟಿಯದು.