ಸೀಟು ಹಿಂದಕ್ಕೆ ತಳ್ಳುವ ಮೊದಲು ತೊಡೆ ಕೆಳಗೆ ಕೈ ಹಾಕಿ ನೋಡಿ

"ಸಾರ್, ಸೀಟು ಇನ್ನೊಂದು ನಾಲ್ಕಿಂಚು ಹಿಂದಕ್ಕೆ ಹೋಗಬೇಕು. ರೇಲ್ ಕಟ್ ಮಾಡಿ ವೆಲ್ಡ್ ಹೊಡೆದು ಕೊಡಿ, ಅಷ್ಟೇ."

ಕಾರಿನ ಸೀಟು ಸರಿಮಾಡುವುದು ನನ್ನ ಕೆಲಸ. ಆರಡಿ ದಾಟಿದವರು ನನ್ನ ಹತ್ತಿರ ಬಂದರೆ ಮೊದಲ ಮಾತು ಹೆಚ್ಚುಕಡಿಮೆ ಇದೇ. ರೇಲ್ ಅಂದರೆ ಸೀಟು ಹಿಂದೆ ಮುಂದೆ ಜಾರುವ ಹಳಿ. ಕಾರಿನಿಂದ ಇಳಿಯುವ ಮುಂಚೆಯೇ ಅವರಿಗೆ ರೋಗವೂ ಗೊತ್ತು, ಮದ್ದೂ ಗೊತ್ತು. ನನ್ನಿಂದ ಬೇಕಿರುವುದು ಬರೀ ವೆಲ್ಡಿಂಗ್. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಉಲ್ಟಾ ಮಾಡಿಕೊಂಡು, ಕಾಲು ಇದ್ದಷ್ಟು ಹಾಸಿಗೆ ಎಳೆಯಿರಿ ಎಂದು ಬರುತ್ತಾರೆ. ನಾನು ಆಗಲ್ಲ ಅಂತೀನಿ. ಕೆಲವರು ಮುಖ ಊದಿಸಿಕೊಂಡು ಬೇರೆ ಕಡೆ ಹೋಗುತ್ತಾರೆ. ಅಲ್ಲಿ ಮಾಡಿಕೊಡುತ್ತಾರೆ. ಆರು ತಿಂಗಳಾದ ಮೇಲೆ ಕತ್ತು ನೋವು ಎಂದು ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಹಾಗೆ ಬಂದ ಒಬ್ಬರ ಕಥೆ ಹೇಳುತ್ತೇನೆ. ಆರಡಿ ನಾಲ್ಕಿಂಚು ಎತ್ತರ, ತುಂಬಾ ಒಳ್ಳೆಯ ಮನುಷ್ಯ, ವಾದ ಮಾತ್ರ ಸ್ವಲ್ಪ ಜಾಸ್ತಿ. ರೇಲ್ ಆಗಲೇ ಉದ್ದ ಮಾಡಿಸಿದ್ದರು. "ಸುಮ್ನೆ ಒಂದು ಸಲ ಕೂತು ತೋರಿಸಿ" ಎಂದೆ. ಕಾಲೇನೋ ಆರಾಮಾಗಿ ಚಾಚಿತ್ತು. ಆದರೆ ಎರಡೂ ಹೆಗಲು ಸೀಟಿನ ಬೆನ್ನಿಗೆ ತಾಗಿರಲೇ ಇಲ್ಲ. ಸ್ಟೇರಿಂಗ್ ಹಿಡಿಯಲು ಮುಂದಕ್ಕೆ ಬಾಗಿ, ತಲೆ ಸಿಕ್ಕಿಸಿಕೊಂಡ ಆಮೆಯ ಹಾಗೆ ಕೂತಿದ್ದರು. ಕ್ಲಚ್ ಪೂರ್ತಿ ಒತ್ತಿ ಎಂದರೆ ಸೊಂಟ ಜಾರಿಸಿಕೊಂಡು ಬೆರಳ ತುದಿಯಲ್ಲಿ ಒತ್ತಿದರು. ಕತ್ತು ನೋಯದೆ ಇನ್ನೇನಾಗುತ್ತೆ?

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಸೀಟು ಹಿಂದಕ್ಕೆ ತಳ್ಳಿದಾಗ ನಿಜವಾಗಿಯೂ ಹಾಯ್ ಅನಿಸುತ್ತದೆ. ಅದಕ್ಕೇ ಜನ ಮೋಸ ಹೋಗುವುದು. ಯಾಕೆ ಹಾಗನಿಸುತ್ತದೆ ಅನ್ನುವುದನ್ನು ಹತ್ತು ಸಲ ಹೇಳಿದ್ದೇನೆ, ಹನ್ನೊಂದನೇ ಸಲ ಇಲ್ಲಿ ಬರೆಯುತ್ತೇನೆ.

ಉದ್ದ ಕಾಲಿನವರು ತಗ್ಗಿನ ಸೀಟಿನಲ್ಲಿ ಕೂತರೆ ಮಂಡಿ ಮೇಲಕ್ಕೆ ಏಳುತ್ತದೆ. ಮಂಡಿ ಎದ್ದರೆ ತೊಡೆ ಸೀಟಿನಿಂದ ಬಿಡುತ್ತದೆ. ಈಗಲೇ ಕಾರಿಗೆ ಹೋಗಿ ಕೂತು, ತೊಡೆಯ ಮುಂಭಾಗದ ಕೆಳಗೆ ಅಂಗೈ ತೂರಿಸಿ ನೋಡಿ. ಅಂಗೈ ಸಲೀಸಾಗಿ ಒಳಗೆ ಹೋದರೆ ನಿಮ್ಮ ತೊಡೆ ಗಾಳಿಯಲ್ಲಿದೆ ಎಂದರ್ಥ. ಮೈಭಾರವೆಲ್ಲ ಕೂರುವ ಎರಡು ಮೂಳೆಗಳ ಮೇಲೆ. ಕಾಲನ್ನು ಎತ್ತಿ ಹಿಡಿಯುವ ಕೆಲಸ ಸೊಂಟದ ಸ್ನಾಯುಗಳದು. ಒಂದು ಗಂಟೆ ಓಡಿಸುವಷ್ಟರಲ್ಲಿ ಸೊಂಟ ಹಿಂದಕ್ಕೆ ಉರುಳಿ ಬೆನ್ನು ಗೂನಾಗುತ್ತದೆ. ಆಗ ನಿಮಗೆ "ಕಾಲಿಗೆ ಜಾಗ ಸಾಲ್ತಿಲ್ಲ" ಅನಿಸುತ್ತದೆ. ಸೀಟು ಹಿಂದಕ್ಕೆ ತಳ್ಳುತ್ತೀರಿ. ಮಂಡಿ ಇಳಿಯುತ್ತದೆ, ತೊಡೆ ಸೀಟಿಗೆ ತಾಗುತ್ತದೆ, ಹಾಯ್ ಅನಿಸುತ್ತದೆ. ಹಾಯ್ ಅನಿಸಿದ್ದು ತೊಡೆಗೆ ಆಸರೆ ಸಿಕ್ಕಿದ್ದಕ್ಕೆ. ನೀವು ಮಾತ್ರ ಅದನ್ನು ಜಾಗ ಸಿಕ್ಕಿತು ಅಂದುಕೊಂಡಿರಿ.

ಆಸರೆಯೇ ಬೇಕಿದ್ದರೆ ಹಿಂದಕ್ಕೆ ಹೋಗಬೇಕಿಲ್ಲ. ಮೇಲಕ್ಕೆ ಹೋದರೆ ಆಯಿತು. ನೆಲದ ಮೇಲೆ ಕೂತು ಕಾಲು ಚಾಚಲು ಎಷ್ಟು ಜಾಗ ಬೇಕು? ಸ್ಟೂಲ್ ಮೇಲೆ ಕೂತರೆ ಎಷ್ಟು ಬೇಕು? ಎತ್ತರದಲ್ಲಿ ಕೂತಷ್ಟೂ ಕಾಲು ಕೆಳಮುಖವಾಗಿ ಇಳಿಯುತ್ತದೆ, ಮುಂದಕ್ಕೆ ಬೇಕಾದ ಜಾಗ ಕಡಿಮೆಯಾಗುತ್ತದೆ. ಲಾರಿ, ಬಸ್ಸಿನ ಡ್ರೈವರುಗಳನ್ನು ನೋಡಿ, ಕುರ್ಚಿಯಲ್ಲಿ ಕೂತ ಹಾಗೆ ಕೂತಿರುತ್ತಾರೆ. ಆದರೆ ಎತ್ತರದವರು ಕಾರು ಹತ್ತಿದ ಕೂಡಲೇ ಮಾಡುವ ಮೊದಲ ಕೆಲಸ ಸೀಟನ್ನು ಪೂರ್ತಿ ಕೆಳಗಿಳಿಸುವುದು. ನಾನು ಉದ್ದ ಇದ್ದೇನೆ, ಸೀಟು ಕೆಳಗಿರಬೇಕು ಎಂಬ ಲೆಕ್ಕ. ತಲೆಗೂ ಛಾವಣಿಗೂ ನಡುವೆ ಒಂದು ಮುಷ್ಟಿ ಜಾಗ ಇರುವ ತನಕ ಧೈರ್ಯವಾಗಿ ಮೇಲೇರಿಸಿ. ಬಹಳಷ್ಟು ಕಾರುಗಳಲ್ಲಿ ಸೀಟು ನೇರಕ್ಕೆ ಏರುವುದಿಲ್ಲ, ಏರುತ್ತಾ ಸ್ವಲ್ಪ ಮುಂದಕ್ಕೂ ಬರುತ್ತದೆ. ಹಾಗಾಗಿ ಮೊದಲು ಎತ್ತರ ಸರಿಮಾಡಿ, ಆಮೇಲೆ ಹಿಂದೆ ಮುಂದೆ ಮಾಡಿ.

ಎಷ್ಟು ಹಿಂದೆ? ಅದನ್ನು ಹೇಳಬೇಕಾದದ್ದು ಬ್ರೇಕ್ ಪೆಡಲ್. ಎಂಜಿನ್ ಆನ್ ಇರಲಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಬ್ರೇಕನ್ನು ತಳ ಮುಟ್ಟುವಷ್ಟು ಜೋರಾಗಿ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಿಚಿರಬೇಕು. ಕ್ಲಚ್ ಇದ್ದರೆ ಎಡಗಾಲಿಗೂ ಇದೇ ಪರೀಕ್ಷೆ. ಕಾಲು ಕೋಲಿನ ಹಾಗೆ ನೆಟ್ಟಗಾದರೆ ಎರಡು ತೊಂದರೆ. ತುರ್ತಿನಲ್ಲಿ ಪೂರ್ತಿ ಬಲ ಹಾಕಿ ಒತ್ತಲು ಆಗುವುದಿಲ್ಲ. ಮುಂದೆ ಗುದ್ದಿದರೆ ಪೆಟ್ಟು ಪಾದದಿಂದ ನೇರ ಸೊಂಟದ ಕೀಲಿಗೆ ಬರುತ್ತದೆ.

ಇನ್ನು ಕೈ. ಹೆಗಲು ಸೀಟಿಗೆ ಒರಗಿರಲಿ, ಒಂದು ಕೈ ನೇರ ಚಾಚಿ. ಸ್ಟೇರಿಂಗಿನ ಮೇಲಂಚಿನ ಮೇಲೆ ಮಣಿಕಟ್ಟು ಕೂರಬೇಕು. ಅಂಗೈ ಮಾತ್ರ ಮುಟ್ಟಿದರೆ ಸ್ಟೇರಿಂಗ್ ದೂರ ಇದೆ. ಹಾಗಂತ ತೀರಾ ಹತ್ತಿರವೂ ಬೇಡ. ಎದೆಮೂಳೆಗೂ ಸ್ಟೇರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಇರಬೇಕು, ಏರ್‌ಬ್ಯಾಗ್ ಅಲ್ಲಿಂದಲೇ ಸಿಡಿಯುವುದು.

ನಮ್ಮ ಆರಡಿ ನಾಲ್ಕಿಂಚಿನವರ ಕಥೆಗೆ ಬರೋಣ. ಅವರ ಕಾರಿನ ಸ್ಟೇರಿಂಗ್ ಕೆಳಗೆ ಟಾರ್ಚ್ ಹಿಡಿದು ನೋಡಿದೆ. ಸ್ಟೇರಿಂಗಿನ ಕಂಬಕ್ಕೆ ಅಂಟಿಕೊಂಡ ಹಾಗೆ ಒಂದು ಚಿಕ್ಕ ಲಿವರ್, ಅದರ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. "ಇದನ್ನು ಯಾವತ್ತಾದರೂ ಎಳೆದಿದ್ದೀರಾ?" ಎಂದೆ. "ಅದು ಬಾನೆಟ್‌ದು ಅಲ್ವಾ?" ಎಂದರು. ನಾಲ್ಕು ವರ್ಷದಿಂದ ಓಡಿಸುತ್ತಿದ್ದ ಕಾರು! ಲಿವರ್ ಬಿಗಿದುಕೊಂಡಿತ್ತು. ಎರಡು ಕೈ ಹಾಕಿ ಎಳೆದ ಮೇಲೆ ಕಟ್ ಎಂದು ಬಿಟ್ಟಿತು. ಸ್ಟೇರಿಂಗ್ ಮೂರು ಬೆರಳಗಲ ಈಚೆ ಬಂತು. ಅವರು ಸುಮಾರು ಹೊತ್ತು ಮಾತೇ ಆಡಲಿಲ್ಲ. ಎಲ್ಲ ಕಾರಿನಲ್ಲೂ ಈ ಸೌಲಭ್ಯ ಇರುವುದಿಲ್ಲ. ಹಲವು ಕಾರುಗಳಲ್ಲಿ ಸ್ಟೇರಿಂಗ್ ಮೇಲೆ ಕೆಳಗೆ ಮಾತ್ರ ಹೋಗುತ್ತದೆ, ಹತ್ತಿರ ಬರುವುದಿಲ್ಲ. ಉದ್ದ ಇರುವವರು ಕಾರು ಕೊಳ್ಳುವಾಗ ನೋಡಬೇಕಾದ ಮೊದಲ ವಿಷಯ ಇದು. ಇಲ್ಲದಿದ್ದರೆ ಸ್ಪೇಸರ್, ಅಂದರೆ ನಡುವೆ ಇಡುವ ದಪ್ಪ ಬಿಲ್ಲೆ, ಹಾಕಿ ಸ್ಟೇರಿಂಗ್ ಮುಂದಕ್ಕೆ ತರಬಹುದೇ ಎಂದು ಕೇಳುತ್ತಾರೆ. ಏರ್‌ಬ್ಯಾಗ್ ಇರುವ ಸ್ಟೇರಿಂಗನ್ನು ನಾನು ಮುಟ್ಟುವುದಿಲ್ಲ.

ಇಷ್ಟೆಲ್ಲ ಮಾಡಿಯೂ ತೊಡೆ ಕೆಳಗೆ ಅಂಗೈ ಹೋಗುತ್ತಿದ್ದರೆ, ಆಗ ನನ್ನ ಕೆಲಸ ಶುರು. ಸೀಟನ್ನು ನೆಲಕ್ಕೆ ಬಿಗಿಯುವ ನಾಲ್ಕು ಬೋಲ್ಟುಗಳಲ್ಲಿ ಮುಂದಿನ ಎರಡರ ಕೆಳಗೆ ಗಟ್ಟಿ ಉಕ್ಕಿನ ಸ್ಪೇಸರ್ ಇಡುತ್ತೇನೆ. ಮುಂದಿನ ಬೋಲ್ಟಿಗೂ ಹಿಂದಿನದಕ್ಕೂ 40 ಸೆಂಟಿಮೀಟರ್ ಅಂತರ ಇದೆ ಅಂದುಕೊಳ್ಳಿ. 20 ಮಿಲಿಮೀಟರ್ ಸ್ಪೇಸರ್ ಇಟ್ಟರೆ ಸೀಟು ಮೂರು ಡಿಗ್ರಿಯ ಹತ್ತಿರ ವಾಲುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ, ಕೂತರೆ ಬೇರೆಯದೇ ಕಾರು. ಸೀಟಿನ ಬೆನ್ನೂ ಜೊತೆಗೇ ಹಿಂದಕ್ಕೆ ವಾಲುವುದರಿಂದ ಅದನ್ನು ಒಂದೆರಡು ಹಲ್ಲು, ಅಂದರೆ ಒಂದೆರಡು ಹಂತ, ಎಬ್ಬಿಸಿಕೊಳ್ಳಬೇಕು. ಅತಿಯಾದರೆ ಸೀಟಿನ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಅಲ್ಲಿ ಎರಡು ಮೂರು ಬೆರಳು ಜಾಗ ಇರಲೇಬೇಕು. ಅದಕ್ಕೇ ಮೊದಲು 10 ಮಿಲಿಮೀಟರಿನದು ಹಾಕಿ ಒಂದು ವಾರ ಓಡಿಸಲು ಹೇಳುತ್ತೇನೆ. ಮುಕ್ಕಾಲು ಜನಕ್ಕೆ ಅಷ್ಟೇ ಸಾಕಾಗುತ್ತದೆ.

ಒಂದೇ ಎತ್ತರದ ಇಬ್ಬರಿಗೆ ಒಂದೇ ಉಪಾಯ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಒಮ್ಮೆ ಅಣ್ಣ ತಮ್ಮ ಇಬ್ಬರು ಬಂದಿದ್ದರು. ನಿಂತರೆ ತಲೆ ಸಮಸಮ. ಬೆಂಚಿನ ಮೇಲೆ ಕೂರಿಸಿದೆ. ಅಣ್ಣನ ತಲೆ ತಮ್ಮನಿಗಿಂತ ಮೂರು ಇಂಚು ಮೇಲಿತ್ತು! ಅಣ್ಣನದು ಉದ್ದ ಮುಂಡ, ತಮ್ಮನದು ಉದ್ದ ಕಾಲು. ಅಣ್ಣನಿಗೆ ಸೀಟು ಏರಿಸಿದರೆ ತಲೆ ಛಾವಣಿಗೆ ಬಡಿಯುತ್ತದೆ. ಅಂಥವರಿಗೆ ಕೂರುವ ಜಾಗದ ಫೋಮನ್ನು ಒಂದಿಂಚಿನಷ್ಟು ಕೊರೆದು, ಅಲ್ಲಿಗೆ ತೆಳುವಾದ ಗಟ್ಟಿ ಫೋಮ್ ಕೂರಿಸುತ್ತೇವೆ. ಸನ್‌ರೂಫ್ ಬೇಡ ಎಂದೂ ಹೇಳುತ್ತೇನೆ, ಅದರ ಚೌಕಟ್ಟು ಒಳಗಿನ ಎತ್ತರವನ್ನು ನುಂಗುತ್ತದೆ. ಅವರು ಆಗಲೇ ಕೊಂಡುಬಿಟ್ಟಿರುತ್ತಾರೆ, ಅದು ಬೇರೆ ವಿಷಯ.

ವೆಲ್ಡಿಂಗ್ ಯಾಕೆ ಮಾಡುವುದಿಲ್ಲ ಎಂದು ಜಗಳ ಆಡುವವರಿಗೆ ಒಂದು ಲೆಕ್ಕ. ಈಗಿನ ಕಾರುಗಳಲ್ಲಿ ಬೆಲ್ಟಿನ ಬಕಲ್ ಸಾಮಾನ್ಯವಾಗಿ ಸೀಟಿಗೇ ಬಿಗಿದಿರುತ್ತದೆ. ಅಂದರೆ ಗುದ್ದಿದಾಗ ನಿಮ್ಮನ್ನು ಹಿಡಿದಿಡುವ ಭಾರದಲ್ಲಿ ದೊಡ್ಡ ಪಾಲು ಸೀಟಿನ ರೇಲ್ ಮತ್ತು ಬೋಲ್ಟುಗಳ ಮೇಲೆ ಬೀಳುತ್ತದೆ. 90 ಕಿಲೋ ತೂಕದವರು, ಗುದ್ದಿದ ಕ್ಷಣದಲ್ಲಿ ಅದರ 20 ಪಟ್ಟು ಎಳೆತ ಬಂತು ಅಂದುಕೊಳ್ಳಿ. 1,800 ಕಿಲೋ ಆಯಿತು. ಬೆಲ್ಟಿನ ಆಧಾರಗಳನ್ನು ಪರೀಕ್ಷಿಸುವ ವಿಶ್ವಸಂಸ್ಥೆಯ 14ನೇ ವಾಹನ ನಿಯಮದಲ್ಲಿ, ಕಾರಿನ ಮೂರು ಬಿಂದುವಿನ ಬೆಲ್ಟಿಗೆ ಎದೆಯ ಪಟ್ಟಿಗೂ ಸೊಂಟದ ಪಟ್ಟಿಗೂ ತಲಾ 13,500 ನ್ಯೂಟನ್, ಅಂದರೆ ಸುಮಾರು 1,375 ಕಿಲೋ ಭಾರದಷ್ಟು, ಎಳೆತ ಕೊಡುತ್ತಾರೆ. ಕಂಪನಿಯವರು ಹಾಗೆ ಎಳೆದು ನೋಡಿದ ರೇಲನ್ನು ಕತ್ತರಿಸಿ, ಕಾಯಿಸಿ, ಅಂಟಿಸಿದ ಮೇಲೆ ಅದು ಎಷ್ಟು ತಡೆಯುತ್ತದೆ ಎಂದು ಹೇಳುವವರು ಯಾರೂ ಇಲ್ಲ. ನಾನಂತೂ ಹೇಳಲಾರೆ.

ಸ್ಪೇಸರಿಗೂ ಇದೇ ಎಚ್ಚರ. ನಾಲ್ಕೈದು ವಾಷರ್ ಪೇರಿಸಿಟ್ಟು ಹಳೇ ಬೋಲ್ಟನ್ನೇ ಬಿಗಿದು ಕಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಬಿಚ್ಚಿದರೆ ಬೋಲ್ಟಿನ ತಿರುಪು ಎರಡೂವರೆ ಸುತ್ತು ಮಾತ್ರ ಹಿಡಿದಿತ್ತು. ಸ್ಪೇಸರ್ ಎಷ್ಟು ದಪ್ಪವೋ ಬೋಲ್ಟೂ ಹಳೆಯದಕ್ಕಿಂತ ಅಷ್ಟು ಹೆಚ್ಚು ಉದ್ದ ಇರಬೇಕು. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅದರ ಗಟ್ಟಿತನದ ದರ್ಜೆ ಕೊರೆದಿರುತ್ತದೆ, ಹಳೆಯದರಲ್ಲಿ ಏನಿತ್ತೋ ಅದೇ ಅಥವಾ ಅದಕ್ಕಿಂತ ಮೇಲಿನದು ಬೇಕು. ಸ್ಪೇಸರ್ ಎತ್ತರವಾದಷ್ಟೂ ಬೋಲ್ಟು ಬಾಗುವ ಅಪಾಯ ಹೆಚ್ಚು, ಹಾಗಾಗಿ ನಾನು 20 ಮಿಲಿಮೀಟರ್ ದಾಟುವುದಿಲ್ಲ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನ ವೈರು. ಬ್ಯಾಟರಿ ಬಿಚ್ಚಿ, ಹತ್ತು ನಿಮಿಷ ಕಾದು, ಆಮೇಲೆ ಕೈ ಹಾಕಬೇಕು. ಮನೆಯಲ್ಲೇ ಮಾಡಿ ನೋಡೋಣ ಎನ್ನುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮಾರ್ಪಾಡಿಗೆ ನಿಮ್ಮ ಕಡೆಯ ಸಾರಿಗೆ ನಿಯಮ ಮತ್ತು ವಿಮೆಯವರು ಏನು ಹೇಳುತ್ತಾರೆ ಎಂದೂ ವಿಚಾರಿಸಿಕೊಳ್ಳಿ. ಮೊದಲಿಂದಲೂ ಬೆನ್ನಿನ ತೊಂದರೆ ಇದ್ದರೆ ಡಾಕ್ಟರ ಹತ್ತಿರ ಹೋಗಿ ಬನ್ನಿ, ನನ್ನ ಸ್ಪೇಸರ್ ಅದಕ್ಕೆ ಔಷಧಿ ಅಲ್ಲ.

ಆರಡಿ ನಾಲ್ಕಿಂಚಿನವರಿಗೆ ಕೊನೆಗೆ ಏನು ಮಾಡಿದೆ ಎಂದರೆ, ಆ ವೆಲ್ಡ್ ಹೊಡೆದ ರೇಲನ್ನು ಬಿಚ್ಚಿ ಎಸೆದು ಕಂಪನಿಯ ರೇಲ್ ತರಿಸಿದೆ. ಮುಂದೆ 15 ಮಿಲಿಮೀಟರ್ ಎತ್ತರಿಸಿದೆ. ಮೊದಲಿಗಿಂತ ಐದು ಹಲ್ಲು ಮುಂದೆ ಕೂರಿಸಿದೆ. "ಮುಂದಕ್ಕಾ?" ಎಂದು ಎರಡು ಸಲ ಕೇಳಿದರು. ಹೆಡ್‌ರೆಸ್ಟನ್ನು ತಲೆಯ ಮಟ್ಟಕ್ಕೆ ಎಳೆದುಕೊಟ್ಟೆ, ಅದೂ ಕೆಳಗೇ ಕೂತಿತ್ತು. ಮರುದಿನ ಅವರ ಮನೆಯವರೂ ಜೊತೆಗೆ ಬಂದರು. ಐದಡಿ ಎರಡಿಂಚಿನವರು, ಅವರೂ ಅದೇ ಕಾರು ಓಡಿಸುತ್ತಾರಂತೆ. "ನನ್ನನ್ನು ಯಾರೂ ಕೇಳಲೇ ಇಲ್ಲ" ಎಂದರು. ನ್ಯಾಯವಾದ ಮಾತು, ನನ್ನದೇ ತಪ್ಪು. ಅವರನ್ನೂ ಕೂರಿಸಿ, ಕ್ಲಚ್ ಒತ್ತಿಸಿ ನೋಡಿದರೆ ಸೀಟಿನ ಅಂಚು ತೊಡೆಗೆ ಒತ್ತುತ್ತಿತ್ತು. 15 ಇದ್ದದ್ದನ್ನು 10ಕ್ಕೆ ಇಳಿಸಿದೆ. ಅವರಿಗೆ ಸರಿಹೋಯಿತು, ಯಜಮಾನರು ಸ್ವಲ್ಪ ಗೊಣಗಿದರು.

ಒಂದು ವಾರ ಬಿಟ್ಟು ಬೋಲ್ಟು ಮತ್ತೆ ಬಿಗಿ ನೋಡಿಸಿಕೊಳ್ಳಲು ಬರಲು ಹೇಳಿದ್ದೆ, ಬಂದರು. ಹಳೇ ಬೋಲ್ಟು ಎರಡನ್ನೂ ಕವರಿಗೆ ಹಾಕಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟು ಕಳಿಸಿದ್ದೇನೆ. ಕಾರು ಮಾರುವಾಗ ಬೇಕಾಗುತ್ತವೆ.