ಬ್ರೀಚ್ ಬದಲಿಸಿದರೆ ಗುರಿ ಸುಧಾರಿಸುತ್ತಾ?

ಏರ್ ಪಿಸ್ತೂಲ್ ಕೊಂಡು ಕೆಲವು ತಿಂಗಳಾದವರು ಶೂಟಿಂಗ್ ರೇಂಜಿಗೆ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಸ್ಟೀಲ್ ಬ್ರೀಚ್ ಹಾಕಿದ್ರೆ ಪವರ್ ಜಾಸ್ತಿ ಆಗುತ್ತಾ?"

ಆಗಲ್ಲ. ಪವರ್ ಬರುವುದು ಗಾಳಿ ಅಥವಾ ಗ್ಯಾಸಿನ ಒತ್ತಡದಿಂದ, ವಾಲ್ವ್‌ನಿಂದ, ಆ ವಾಲ್ವನ್ನು ಬಡಿದು ತೆರೆಯುವ ಹ್ಯಾಮರ್ ಸ್ಪ್ರಿಂಗಿನಿಂದ, ಬ್ಯಾರೆಲ್ಲಿನ (ನಳಿಗೆಯ) ಉದ್ದದಿಂದ. ಬ್ರೀಚ್ ಮಾಡುವ ಕೆಲಸ ಬೇರೆ. ಪೆಲೆಟ್, ಅಂದರೆ ಪುಟ್ಟ ಗುಂಡು, ಇಡುವ ಜಾಗ ಅದು. ಪೆಲೆಟನ್ನು ಬ್ಯಾರೆಲ್ಲಿಗೆ ತಳ್ಳುವ ಬೋಲ್ಟ್ ಓಡುವುದು ಅದರೊಳಗೆ. ಬ್ಯಾರೆಲ್ಲಿನ ಹಿಂತುದಿಯನ್ನು ಹಿಡಿಯುವುದು, ಗುರಿ ನೋಡುವ ಹಿಂದಿನ ಸೈಟನ್ನು ಹೊರುವುದು ಕೂಡ ಅದೇ. ಅದು ಅಲುಗಾಡಿದರೆ ಸೈಟೂ ಬ್ಯಾರೆಲ್ಲೂ ಒಂದೇ ಕಡೆ ನೋಡುವುದಿಲ್ಲ. ಗಟ್ಟಿ ಬ್ರೀಚ್‌ನಿಂದ ಸಿಗುವ ಲಾಭ ಈ ಬಿಗಿ ಮಾತ್ರ. ಕಡಿಮೆ ಲಾಭವೇನಲ್ಲ, ಆದರೆ ಜನ ಕೇಳುವುದು ಅದನ್ನಲ್ಲ.

ಈ ಚರ್ಚೆಯಲ್ಲಿ ಜಾಸ್ತಿ ಕೇಳಿಬರುವ ಹೆಸರು ಅಮೆರಿಕದ ಏರ್‌ಗನ್ ಕಂಪನಿ ಕ್ರಾಸ್ಮನ್, ಅದರಲ್ಲೂ ಅದರ ಎರಡು ಮಾಡೆಲ್. ಕೈಯಿಂದ ಪಂಪ್ ಹೊಡೆಯುವ 1377, 12 ಗ್ರಾಂ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಕಾರ್ಟ್ರಿಜ್ ಹಾಕುವ 2240. ಎರಡರಲ್ಲೂ ಮಾಮೂಲಾಗಿ ಬರುವುದು ಪ್ಲಾಸ್ಟಿಕ್ ಬ್ರೀಚ್. ಸ್ಕ್ರೂ ಸ್ವಲ್ಪ ಹೆಚ್ಚು ಬಿಗಿದರೂ ಪ್ಲಾಸ್ಟಿಕ್ ಹಾಳಾಗುತ್ತದೆ. ಮೇಲೆ ಸ್ಕೋಪ್ ಕೂರಿಸಲು ಸರಿಯಾದ ತೋಡೂ ಇರುವುದಿಲ್ಲ. ಉಕ್ಕಿನ ಬ್ರೀಚ್‌ನಲ್ಲಿ ಸ್ಕೋಪ್ ಕಚ್ಚಿ ಕೂರಲು 11 ಮಿ.ಮೀ. ಡವ್‌ಟೇಲ್ ತೋಡು ಕೊರೆದಿರುತ್ತಾರೆ. ಬ್ಯಾರೆಲ್ ಹಿಡಿಯಲು ಸೆಟ್ ಸ್ಕ್ರೂ ಇರುತ್ತದೆ. ಒಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ: ಹಲವು ಉಕ್ಕಿನ ಬ್ರೀಚ್‌ಗಳ ಜೊತೆ ಹಿಂದಿನ ಸೈಟ್ ಬರುವುದಿಲ್ಲ. ಅದನ್ನು ಬೇರೆ ಕೊಳ್ಳಬೇಕು. ಅದರ ಎತ್ತರ ಮುಂದಿನ ಸೈಟಿಗೆ ಹೊಂದದಿದ್ದರೆ ಹೊಸ ತಲೆನೋವು.

ಆರಿಸುವಾಗ ಹೊಳಪಿಗಿಂತ ಅಳತೆ ನೋಡಿ. ನಾನು ಮೊದಲು ಕಣ್ಣು ಹಾಯಿಸುವುದು ಟ್ರಾನ್ಸ್‌ಫರ್ ಪೋರ್ಟ್ ಕಡೆಗೆ. ವಾಲ್ವ್‌ನಿಂದ ಗ್ಯಾಸ್ ಮೇಲೆ ಹತ್ತಿ ಬ್ಯಾರೆಲ್ಲಿಗೆ ಹೋಗುವ ಸಣ್ಣ ದಾರಿ ಅದು. ಬ್ರೀಚ್ ಕೂದಲೆಳೆಯಷ್ಟು ಎತ್ತರ ಕೂತರೂ ಅಲ್ಲಿನ ಸೀಲ್ ಒತ್ತಿಕೊಳ್ಳುವುದಿಲ್ಲ, ಗ್ಯಾಸ್ ಪಕ್ಕದಿಂದ ಸೋರುತ್ತದೆ. ಬ್ಯಾರೆಲ್ಲಿನ ತೂತು ಪೋರ್ಟಿಗೆ ನೇರ ಬರದಿದ್ದರೆ ದಾರಿಯೇ ಅರ್ಧ ಮುಚ್ಚಿಹೋಗುತ್ತದೆ. ಆಮೇಲೆ ಬೋಲ್ಟಿನ ಮೂತಿ. ಅದು ಪೆಲೆಟನ್ನು ಆ ತೂತು ದಾಟಿಸಿ ಮುಂದೆ ತಳ್ಳಬೇಕು. ಮೂತಿ ಗಿಡ್ಡವಾದರೆ ಪೆಲೆಟಿನ ಹಿಂಬದಿ ತೂತಿನ ಮೇಲೇ ನಿಲ್ಲುತ್ತದೆ. ಒಂದು ಶಾಟಿನಿಂದ ಇನ್ನೊಂದಕ್ಕೆ ವೇಗ ಬದಲಾಗುತ್ತದೆ. "ಹೊಸ ಬ್ರೀಚ್ ಹಾಕಿದ ಮೇಲೆ ಗ್ರೂಪ್ ಕೆಟ್ಟಿತು" (ಅಂದರೆ ಪೆಲೆಟ್‌ಗಳು ಒಂದೆಡೆ ಬೀಳದೆ ಚದುರಿದವು) ಅನ್ನುವವರ ಪಿಸ್ತೂಲ್ ಬಿಚ್ಚಿ ನೋಡಿದಾಗ ಹೆಚ್ಚಿನ ಸಲ ಸಿಗುವುದು ಈ ಎರಡರಲ್ಲಿ ಒಂದು.

ಹಾಗಾಗಿ ದುಡ್ಡು ಖರ್ಚು ಮಾಡುವ ಮುಂಚೆ ಹಳೆಯ ಬ್ರೀಚನ್ನೇ ಪರೀಕ್ಷೆ ಮಾಡಿ. ಪಿಸ್ತೂಲ್ ಖಾಲಿ ಇದೆಯೇ, ಕಾರ್ಟ್ರಿಜ್ ತೆಗೆದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬ್ಯಾರೆಲ್ಲನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಒತ್ತಿ ನೋಡಿ. ಅಲುಗಿದರೆ ಬ್ರೀಚ್ ಬದಲಿಸಲು ಕಾರಣ ಇದೆ. ಅಲುಗದಿದ್ದರೆ ರೇಂಜಿಗೆ ಹೋಗಿ. ಬ್ರೀಚ್ ಸಂದಿಯ ಹತ್ತಿರ ಟಿಶ್ಯೂ ಚೂರೊಂದನ್ನು ಅಂಟಿಸಿ ಗುರಿಯತ್ತ ಒಂದು ಶಾಟ್ ಹೊಡೆಯಿರಿ. ಟಿಶ್ಯೂ ಹಾರಿದರೆ ಅಲ್ಲಿ ಸೋರುತ್ತಿದೆ ಎಂದರ್ಥ, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸವೆದಿರಬಹುದು. ಬೋಲ್ಟಿನ ಓ-ರಿಂಗಿಗೆ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಚಿಲ್ಲರೆ ಕಾಸು ಸಾಕು. ಗ್ಯಾಸ್ ಪಿಸ್ತೂಲ್ ಆದರೆ ಪಾಲಿಯುರೆಥೇನ್ ರಿಂಗ್ ಕೇಳಿ. ಮಾಮೂಲಿ ನೈಟ್ರೈಲ್ ರಿಂಗ್ ಕಾರ್ಬನ್ ಡೈಆಕ್ಸೈಡ್ ಹೀರಿ ಊದಿಕೊಳ್ಳುತ್ತದೆ.

ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾರ್ಟ್ರಿಜ್ ಒಳಗಿನ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ ಸುಮಾರು 72 ಬಾರ್. ಬೆಂಗಳೂರಿನ ಜನವರಿ ಬೆಳಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ಪೆಲೆಟ್ ಬೀಳುವ ಜಾಗ ಬದಲಾಗಿದ್ದರೆ ಅದರಲ್ಲಿ ಬ್ರೀಚ್‌ನ ತಪ್ಪೇನೂ ಇಲ್ಲ. ಸ್ಪ್ರಿಂಗ್ ಪಿಸ್ತೂಲ್ ಇರುವವರಿಗೆ ಇದರ ಚಿಂತೆ ಅಷ್ಟಿಲ್ಲ. ಅಲ್ಲಿ ಬ್ಯಾರೆಲ್ ಮಡಚುವ ಜಾಗದ ಸೀಲ್ ಸ್ವಲ್ಪ ಉಬ್ಬಿ ನಿಂತಿರಬೇಕು, ಅಷ್ಟೇ.

ಕಾನೂನಿನ ಮಾತನ್ನು ಸುಮ್ನೆ ಹಾರಿಸಿ ಹೋಗುವಂತಿಲ್ಲ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಏರ್ ಪಿಸ್ತೂಲ್ 4.5 ಮಿ.ಮೀ. ಕ್ಯಾಲಿಬರ್ (ಬ್ಯಾರೆಲ್ಲಿನ ಒಳ ಅಗಲ) ಮೀರಬಾರದು, ಶಕ್ತಿ 20 ಜೂಲ್ ಒಳಗಿರಬೇಕು. ಅರ್ಧ ಗ್ರಾಂ ಆಸುಪಾಸಿನ ಪೆಲೆಟ್ ಸೆಕೆಂಡಿಗೆ 150 ಮೀಟರ್ ಹೋದರೆ ಸುಮಾರು 6 ಜೂಲ್ ಆಗುತ್ತದೆ. ಕಾಗದಕ್ಕೆ ತೂತು ಬೀಳಿಸಲು ಅದು ಧಾರಾಳ ಸಾಕು. ತೊಂದರೆ ಬರುವುದು ಕ್ಯಾಲಿಬರ್‌ನಲ್ಲಿ. 2240 ಮೂಲದಲ್ಲೇ 5.5 ಮಿ.ಮೀ. ಪಿಸ್ತೂಲ್. ಬ್ರೀಚ್ ಮತ್ತು ಬ್ಯಾರೆಲ್ ಒಟ್ಟಿಗೆ ಬರುವ 5.5ರ ಕಿಟ್‌ಗಳೂ ಇವೆ. 4.5ರ 1377ಕ್ಕೆ ಅಂಥದ್ದು ಹಾಕಿದ ಕ್ಷಣದಿಂದ ನಿಮ್ಮ ಕೈಯಲ್ಲಿರುವುದು ಕಾನೂನಿನ ಕಣ್ಣಿಗೆ ಬೇರೆಯೇ ಆಯುಧ. ಬೇಡ. ವಿದೇಶದಿಂದ ಬಿಡಿಭಾಗ ತರಿಸುವ ಯೋಚನೆ ಇದ್ದರೂ ಆಮದು ನಿಯಮ ವಿಚಾರಿಸಿದ ಮೇಲೇ ಆರ್ಡರ್ ಮಾಡಿ. "ಪೀಣ್ಯದಲ್ಲಿ ಲೇತ್ ಕೆಲಸದವರ ಹತ್ತಿರ ಮಾಡಿಸ್ಲಾ ಸರ್?" ಎಂದು ಬೆಂಗಳೂರಿನ ಆ ಕೈಗಾರಿಕಾ ಪ್ರದೇಶದ ಹೆಸರು ಹೇಳಿ ಕೇಳುವವರೂ ಇದ್ದಾರೆ. ಪೀಣ್ಯದವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆಯುಧದ ಭಾಗವನ್ನು ಯಾರೋ ಒಬ್ಬರ ಹತ್ತಿರ ಮಾಡಿಸುವ ಸಲಹೆ ನಾನು ಕೊಡುವುದಿಲ್ಲ.

10 ಮೀಟರ್ ಸ್ಪರ್ಧೆಯ ಕನಸಿದ್ದವರಿಗೆ ಈ ಖರ್ಚೇ ಬೇಡ ಅನ್ನುತ್ತೇನೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್ ನಿಯಮದಲ್ಲಿ ಸ್ಕೋಪಿಗೆ ಜಾಗ ಇಲ್ಲ, ತೆರೆದ ಸೈಟ್ ಮಾತ್ರ. ಹಾಗಿದ್ದಾಗ ಡವ್‌ಟೇಲ್ ಯಾಕೆ ಅಲ್ವಾ? ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು. ಟ್ರಿಗರ್ ಎಳೆಯಲು ಬೇಕಾಗುವ ಭಾರ ಕನಿಷ್ಠ 500 ಗ್ರಾಂ ಇರಬೇಕು. ಗುರಿ ಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ. ಅಷ್ಟು ಸಣ್ಣ ಜಾಗಕ್ಕೆ 60 ಶಾಟ್ ಹೊಡೆಯುವವರ ಅಂಕ ಬಹುತೇಕ ಟ್ರಿಗರ್ ಎಳೆಯುವ ಬೆರಳಿನಲ್ಲೇ ಹೋಗುತ್ತದೆ. ಬ್ರೀಚ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಒಳ್ಳೆಯ ಮ್ಯಾಚ್ ಪೆಲೆಟ್ ಡಬ್ಬಿಗಳನ್ನು ಕೊಳ್ಳಿ. ಮೂರ್ನಾಲ್ಕು ಬಗೆ ಹೊಡೆದು ನೋಡಿ, ನಿಮ್ಮ ಬ್ಯಾರೆಲ್ಲಿಗೆ ಒಗ್ಗುವುದನ್ನು ಇಟ್ಟುಕೊಳ್ಳಿ.