ಗಿರಣಿಯ ಚಿಮಣಿ ಉಳಿಯಿತು, ಗಿರಣಿಯವರು ಎಲ್ಲಿ ಹೋದರು?

ಮುಂಬೈನ ಲೋವರ್ ಪರೇಲ್ ಸ್ಟೇಷನ್ನಿನಲ್ಲಿ ಇಳಿದು ಸೇನಾಪತಿ ಬಾಪಟ್ ರಸ್ತೆ ಹಿಡಿದರೆ ಫೀನಿಕ್ಸ್ ಮಾಲ್ ಸಿಗುತ್ತದೆ. ದುಬಾರಿ ಅಂಗಡಿ, ಸಿನಿಮಾ, ತಿಂಡಿ ಊಟ, ಎಲ್ಲಾ ಒಂದೇ ಕಡೆ. ಇದರ ನಡುವೆ ಒಂದು ಹಳೆ ಚಿಮಣಿ ನಿಂತಿದೆ. 1905ರಲ್ಲಿ ಇಲ್ಲಿ ಶುರುವಾಗಿದ್ದು ಫೀನಿಕ್ಸ್ ಹತ್ತಿ ಗಿರಣಿ. ಹೊಗೆ ನಿಂತು ಎಷ್ಟೋ ವರ್ಷ ಆಯಿತು, ಚಿಮಣಿ ಮಾತ್ರ ಹಾಗೇ ಇದೆ.

ಈ ಸೀಮೆಗೆ ಗಿರಣಗಾಂವ್ ಅಂತಲೇ ಹೆಸರು. ಗಿರಣಿಗಳ ಊರು. 1854ರಲ್ಲಿ ವ್ಯಾಪಾರಿ ಕಾವಸ್‌ಜಿ ದಾವರ್ ತಾಡದೇವ್‌ನಲ್ಲಿ ಮೊದಲ ನೂಲಿನ ಗಿರಣಿಗೆ ಕಂಪನಿ ಕಟ್ಟಿದರು. ಆಮೇಲೆ ಪರೇಲ್, ವರಳಿ, ಲಾಲ್‌ಬಾಗ್ ಎಲ್ಲಾ ಚಿಮಣಿಗಳಿಂದ ತುಂಬಿತು. ದುಡಿಯಲು ಬಂದವರಲ್ಲಿ ರತ್ನಾಗಿರಿ, ಸಾತಾರ, ಕೊಲ್ಹಾಪುರ ಕಡೆಯವರೇ ಜಾಸ್ತಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರು ಚಾಳು ಅನ್ನುವ ವಠಾರದ ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಇರುತ್ತಿದ್ದರು. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುತ್ತಿದ್ದ. ಊಟ ಖಾನಾವಳಿಯಲ್ಲಿ. ಹುಬ್ಬಳ್ಳಿ, ಬೆಳಗಾವಿಯವರಿಗೆ ಖಾನಾವಳಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ತಮ್ಮ ಮನೆಯಲ್ಲೇ ಖಾನಾವಳಿ ನಡೆಸಿ ರೊಟ್ಟಿ ಬಡಿದು ಬಡಿಸುತ್ತಿದ್ದ ಹೆಂಗಸರನ್ನು ಒಟ್ಟುಗೂಡಿಸಿ ಹೋರಾಟಗಾರ್ತಿ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ನಮ್ಮ ಕರಾವಳಿಯ ಹುಡುಗರಿಗೂ ಈ ಊರು ಹೊಸದಲ್ಲ. ಮುಂಬೈನ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು ಎಷ್ಟೋ ಮಂದಿ.

ಹಳೆ ಗಿರಣಿ ಮಾಲ್ ಆಗಲು ಅಷ್ಟು ಸುಲಭವಾಗಿ ಒಗ್ಗಿದ್ದು ಯಾಕೆ? ಕಟ್ಟಡವನ್ನೇ ನೋಡಬೇಕು. ನೇಯ್ಗೆ ಶೆಡ್ಡಿನ ಮಾಡು ಗರಗಸದ ಹಲ್ಲಿನ ಹಾಗಿರುತ್ತದೆ. ಪ್ರತಿ ಹಲ್ಲಿನಲ್ಲೂ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಗಾಜು. ಗಾಜಿನ ಮುಖ ಉತ್ತರಕ್ಕೆ. ಬಿಸಿಲು ನೇರ ಒಳಗೆ ಬೀಳುವುದಿಲ್ಲ, ಆದರೆ ದಿನವಿಡೀ ಒಂದೇ ಸಮನೆ ಬೆಳಕು ಇರುತ್ತದೆ. ಮಗ್ಗದಲ್ಲಿ ಒಂದು ಎಳೆ ತುಂಡಾದರೂ ಕಣ್ಣಿಗೆ ಕಾಣಬೇಕಲ್ವಾ, ಅದಕ್ಕೆ. ಒಳಗೆ ಅಡ್ಡಗೋಡೆಗಳಿಲ್ಲ, ಸಾಲು ಸಾಲು ಕಂಬ ಅಷ್ಟೇ. ಎತ್ತರದ ಸೂರು, ದಪ್ಪ ಗೋಡೆ, ವಿಶಾಲ ಅಂಗಳ. ಯಂತ್ರ ತೆಗೆದು ಅಂಗಡಿ ಇಟ್ಟರೆ ಆಯಿತು.

ಯಂತ್ರ ನಿಂತ ಕಥೆ ಮಾತ್ರ ಬಹಳ ನೋವಿನದು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೂಲಿ, ಬೋನಸ್ಸಿನ ಜೊತೆ ಇನ್ನೊಂದು ಬೇಡಿಕೆಯೂ ಇತ್ತು. 1946ರ ಕಾಯಿದೆಯ ಪ್ರಕಾರ ಮಾಲೀಕರ ಜೊತೆ ಮಾತಾಡುವ ಹಕ್ಕು ಒಂದೇ ಸಂಘಕ್ಕೆ ಇತ್ತು, ಅದು ಬದಲಾಗಬೇಕು ಅಂತ. ಮುಷ್ಕರವನ್ನು ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಸಾರಲೇ ಇಲ್ಲ. ಜನ ಸೋತು ಊರಿಗೆ ಹೋದರು, ಗಿರಣಿಯ ನೇಯ್ಗೆ ಕೆಲಸ ಬೇರೆ ಊರಿನ ಪವರ್‌ಲೂಮ್‌ಗಳಿಗೆ ಹೋಯಿತು. ಆಗ ಎಲ್ಲರ ಕಣ್ಣು ಬಿದ್ದಿದ್ದು ಬಟ್ಟೆಯ ಮೇಲಲ್ಲ, ಊರಿನ ನಟ್ಟನಡುವೆ ಇದ್ದ ಸುಮಾರು 600 ಎಕರೆ ಜಾಗದ ಮೇಲೆ.

ಸರ್ಕಾರ 1991ರಲ್ಲಿ ಒಂದು ನಿಯಮ ತಂದಿತು. ಗಿರಣಿ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ ಆ ಜಾಗವನ್ನು ಹೆಚ್ಚುಕಮ್ಮಿ ಮೂರು ಪಾಲು ಮಾಡಬೇಕು. ಒಂದು ಪಾಲು ಉದ್ಯಾನ, ಮೈದಾನಕ್ಕೆ ನಗರಪಾಲಿಕೆಗೆ. ಒಂದು ಪಾಲು ಮನೆ ಕಟ್ಟಲು ರಾಜ್ಯದ ವಸತಿ ಸಂಸ್ಥೆ ಮ್ಹಾಡಾಗೆ. ಉಳಿದದ್ದು ಮಾಲೀಕರಿಗೆ. ಒಳ್ಳೆಯ ನಿಯಮವೇ. ಆದರೆ ಹಳೆ ಶೆಡ್ ಕೆಡವದೆ ಒಳಗಿನ ಬಳಕೆ ಮಾತ್ರ ಬದಲಿಸಿದರೆ ಜಾಗ ಹಂಚುವ ಪ್ರಮೇಯವೇ ಬರುತ್ತಿರಲಿಲ್ಲ. ಹಾಗಾಗಿ ಶೆಡ್ಡುಗಳು ಒಂದೊಂದಾಗಿ ಆಫೀಸು, ರೆಸ್ಟೋರೆಂಟು, ಅಂಗಡಿ ಆದವು. ನನಗೆ ಈ ಕಥೆಯಲ್ಲಿ ಮುಖ್ಯ ಅನಿಸುವುದು ಇದೇ. ಗೋಡೆ ಉಳಿದಿದ್ದರ ಹಿಂದೆ ಹಳೆಯದರ ಮೇಲಿನ ಪ್ರೀತಿಗಿಂತ ಜಾಗದ ಲೆಕ್ಕ ಜಾಸ್ತಿ ಇತ್ತು.

ಬೇರೆ ದಾರಿ ಇರಲಿಲ್ಲ ಅಂತಲ್ಲ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಸಮಿತಿ ಸರ್ಕಾರಿ ಗಿರಣಿಗಳ ಜಾಗವನ್ನೆಲ್ಲಾ ಒಟ್ಟಿಗೆ ಇಟ್ಟುಕೊಂಡು ನಕ್ಷೆ ಹಾಕಿತ್ತು. ಒಂದೊಂದು ಗಿರಣಿಯನ್ನು ಬಿಡಿಬಿಡಿಯಾಗಿ ಮಾರದೆ, ಜನ ನಡೆದಾಡುವ ಚೌಕ, ತೆರೆದ ಜಾಗ ಎಲ್ಲಾ ಸೇರಿಸಿ ಊರಿನ ಒಂದು ಭಾಗವನ್ನೇ ಕಟ್ಟುವ ಯೋಜನೆ ಅದು. ಕಾಗದದಲ್ಲೇ ಉಳಿಯಿತು.

2001ರಲ್ಲಿ ನಿಯಮ ತಿದ್ದಿದರು. ಹಂಚಬೇಕಾದ್ದು ಗಿರಣಿಯೊಳಗೆ ಖಾಲಿ ಇರುವ ಜಾಗ ಮಾತ್ರ, ಕಟ್ಟಡ ನಿಂತ ಜಾಗ ಲೆಕ್ಕಕ್ಕಿಲ್ಲ. ಗಿರಣಿ ಅಂದರೆ ತುಂಬಾ ಕಟ್ಟಡವೇ ಇರುತ್ತದೆ. ಮೂರರಲ್ಲಿ ಎರಡು ಪಾಲು ಊರಿಗೆ ಸಿಗಬೇಕಿದ್ದ ಕಡೆ ಚೂರುಪಾರು ಉಳಿಯಿತು. ಇನ್ನು ಶೆಡ್ ಕೆಡವಿ ಬಹುಮಹಡಿ ಕಟ್ಟಡ ಕಟ್ಟಿದರೂ ಮಾಲೀಕರಿಗೆ ನಷ್ಟವಿಲ್ಲ. ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಅನ್ನುವ ಪರಿಸರ ಸಂಘಟನೆ ಕೋರ್ಟಿಗೆ ಹೋಯಿತು. 2005ರಲ್ಲಿ ಹೈಕೋರ್ಟ್ ಅವರ ಪರ ನಿಂತಿತು. 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 2001ರ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಅದೇ 2006ರಲ್ಲಿ ಪೋಲೆಂಡಿನ ವೂಜ್ ನಗರದಲ್ಲೂ ಒಂದು ಹಳೆ ಬಟ್ಟೆ ಗಿರಣಿ ಮಾಲ್ ಆಯಿತು. ಇಜ್ರಾಯೆಲ್ ಪೊಜ್ನಾನ್ಸ್ಕಿಯ ಕೆಂಪು ಇಟ್ಟಿಗೆಯ ಕಾರ್ಖಾನೆ, ಈಗ ಮಾನುಫಾಕ್ತುರಾ. ಅಲ್ಲೂ ಅಂಗಡಿ, ಸಿನಿಮಾ ಎಲ್ಲಾ ಇವೆ. ಆದರೆ ಆವರಣದ ಒಳಗೇ ಕಾರ್ಖಾನೆಯ ಮ್ಯೂಸಿಯಂ ಇದೆ. ಅಲ್ಲಿ ಮಗ್ಗ ಓಡಿಸಿ ತೋರಿಸುತ್ತಾರೆ. ಆ ಸದ್ದು ಕೇಳಿದ ಮಗುವಿಗೆ ಇಲ್ಲಿ ಏನು ನಡೆಯುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ. ಚಿಮಣಿಗೆ ಬಾಯಿ ಇಲ್ಲ, ಮಗ್ಗಕ್ಕೆ ಇದೆ. ಬೆಂಗಳೂರಿನಲ್ಲಿ ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲೂ ಮಾಲ್ ಬಂತು. ಬಿನ್ನಿ ಮಿಲ್ಲಿನ ನೆನಪಿಗೆ ಬಿನ್ನಿಪೇಟೆ ಅನ್ನುವ ಹೆಸರಾದರೂ ಇದೆ.

ಹಳೆ ಆವರಣದಲ್ಲಿ ಜನ ಸೇರಿಸುವಾಗ ಸುರಕ್ಷತೆಯೂ ಅಷ್ಟೇ ಮುಖ್ಯ. 2017ರ ಡಿಸೆಂಬರ್ 29ರ ನಸುಕಿಗೆ ಮುನ್ನ ಮುಂಬೈ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದಲ್ಲಿ, ಮೇಲ್ಮಹಡಿಯ ರೆಸ್ಟೋರೆಂಟುಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು.

ಮ್ಹಾಡಾ ಪಾಲಿನ ಜಾಗದಲ್ಲಿ ಕಟ್ಟಿದ ಮನೆಗಳನ್ನು ಹಳೆ ಕಾರ್ಮಿಕರಿಗೆ ಲಾಟರಿ ಎತ್ತಿ ಕೊಡುತ್ತಾರೆ. ಮನೆಗಳು ಕೆಲವು ಸಾವಿರ, ಅರ್ಜಿಗಳು ಲಕ್ಷಕ್ಕೂ ಜಾಸ್ತಿ. ಮುಷ್ಕರದ ದಿನ 25ರ ಹುಡುಗನಾಗಿದ್ದವನಿಗೆ ಈಗ 70 ಹತ್ತಿರ. ಎಷ್ಟೋ ಮಂದಿ ತೀರಿಕೊಂಡಿದ್ದಾರೆ. ಅವರ ಹೆಸರಿನಲ್ಲಿ ಹೆಂಡತಿಯೋ ಮಕ್ಕಳೋ ಹಳೆ ಗಿರಣಿಯ ಗುರುತಿನ ಚೀಟಿ, ಪಿಎಫ್ ಚೀಟಿ ಜೋಪಾನವಾಗಿ ಇಟ್ಟುಕೊಂಡು ಸರದಿ ಕಾಯುತ್ತಿದ್ದಾರೆ.